ಇಲ್ಲಿ ಹದಿನೆಂಟು, ಅಲ್ಲಿ ಇಪ್ಪತ್ತೆಂಟು

ನಮ್ಮ ಚಿಕ್ಕಪ್ಪನ ಎದುರು ಅಪ್ಪಿತಪ್ಪಿಯೂ ‘ಇವತ್ತು ಏನು ಚಳಿ!’ ಎಂದು ಬಾಯಿ ಬಿಡಬೇಡಿ. ಬಿಟ್ಟಿರೋ, ಆ ದಿನದ ನಿಮ್ಮ ಕೆಲಸಗಳಿಗೆಲ್ಲ ಎಳ್ಳುನೀರು ಬಿಟ್ಟಂತೆಯೇ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನಕ್ಕೆ ಕೆಳಗಿಟ್ಟು, ಬನಿಯನ್ನಿಗೆ ಕೈ ಒರೆಸಿಕೊಂಡು, ನಿಮ್ಮನ್ನು ಮರುಕದಿಂದ ನೋಡಿ ಕೇಳುತ್ತಾರೆ: “ಚಳಿ ಅಂದ್ರೆ? ಯಾವ ಎತ್ತರದ ಲೆಕ್ಕದಲ್ಲಿ?”

ಚಳಿಗೆ ಎತ್ತರ ಎಲ್ಲಿಂದ ಬಂತು ಎಂದು ನೀವು ತಿರುಗಿ ಕೇಳಿದರೆ ಅರ್ಧ ಗಂಟೆ ಹೋಯಿತು. ಕೇಳದಿದ್ದರೂ ಅರ್ಧ ಗಂಟೆ ಹೋಯಿತು! ಊರಿನವರು ಇದನ್ನು ಬಲ್ಲರು. ಹಾಗಾಗಿ ಮಕರ ಮಾಸದ ಬೆಳಿಗ್ಗೆ ಹಲ್ಲು ಕಟಕಟಿಸುತ್ತಿದ್ದರೂ ಅವರ ಅಂಗಡಿಯ ಮುಂದೆ ಸ್ವೆಟರನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ದಾಟುವವರನ್ನು ನಾನೇ ನೋಡಿದ್ದೇನೆ.

ಅಂಗಡಿಯೆಂದರೆ ಪಂಕ್ಚರ್ ಅಂಗಡಿ. ಶನಿವಾರಸಂತೆಯಲ್ಲಿ, ಸೋಮವಾರಪೇಟೆ ರಸ್ತೆಯ ತಿರುವಿನಲ್ಲಿ. ಅಂಗಡಿಯ ಹಿಂದೆಯೇ ಮನೆ. ಮುಂದೆ ಹಳೆಯ ಟೈರುಗಳ ರಾಶಿ, ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ, ಗೋಡೆಗೆ ನಮ್ಮ ಶಾಲೆಯವರು ಬೇಡವೆಂದು ಎಸೆದ ಒಂದು ಕಪ್ಪುಹಲಗೆ. ಅದರಲ್ಲಿ ಸೀಮೆಸುಣ್ಣದಿಂದ ದಿನಾ ಬೆಳಿಗ್ಗೆ ಎರಡು ಸಂಖ್ಯೆ. ಎಡಕ್ಕೆ ‘ಇಲ್ಲಿ’, ಬಲಕ್ಕೆ ‘ಅಲ್ಲಿ’. ಇಲ್ಲಿ ಹದಿನೆಂಟು, ಅಲ್ಲಿ ಇಪ್ಪತ್ತೆಂಟು. ಇಲ್ಲಿ ಇಪ್ಪತ್ತು, ಅಲ್ಲಿ ಮೂವತ್ತು.

ಕೊಡಗಿನವರಿಗೆ ಅಳೆಯುವ ಹುಚ್ಚು ಹೊಸದೇನಲ್ಲ ಬಿಡಿ. ಎರಡೆಕರೆ ಕಾಫಿ ಇದ್ದವರ ಅಂಗಳದಲ್ಲೂ ಮಳೆ ಅಳೆಯುವ ಡಬ್ಬಿ ಇರುತ್ತದೆ. ಹಲ್ಲುಜ್ಜುವ ಮೊದಲೇ ಫೋನು, “ನಿಮ್ಮಲ್ಲಿ ಎಷ್ಟು ಇಂಚು?” ಪಕ್ಕದ ತೋಟದವರಿಗೆ ಕಾಫಿ ಅರಳಿಸುವ ಹೂಮಳೆ ಅರ್ಧ ಇಂಚು ಹೆಚ್ಚು ಬಿದ್ದಿದ್ದರೆ ಅವತ್ತು ಕಡುಬೂ ಗಂಟಲಲ್ಲಿ ಇಳಿಯುವುದಿಲ್ಲ. ಇಂಥ ಊರಿನಲ್ಲಿ ಮಳೆಯ ತಂಟೆಗೇ ಹೋಗದೆ ಬಿಸಿಯನ್ನು ಅಳೆಯುವವರು ನಮ್ಮ ಚಿಕ್ಕಪ್ಪ ಒಬ್ಬರೇ. ಅದೂ ಒಂದು ಸಲ ಅಳೆದು ಎರಡು ಕಡೆಗೆ!

ಬೆಂಗಳೂರಿನಿಂದ ರೆಸಾರ್ಟಿಗೆ ಬಂದಿದ್ದವರೊಬ್ಬರು ಕಾರು ನಿಲ್ಲಿಸಿ, ಹಲಗೆಯನ್ನು ಗಂಭೀರವಾಗಿ ಓದಿ, ಮುಂದಿನ ಚಕ್ರಗಳಿಗೆ ‘ಇಲ್ಲಿ’ಯದನ್ನೂ ಹಿಂದಿನವಕ್ಕೆ ‘ಅಲ್ಲಿ’ಯದನ್ನೂ ತುಂಬಿಬಿಡಿ ಎಂದರಂತೆ. ಚಿಕ್ಕಪ್ಪ ನಗಲಿಲ್ಲ. “ಅಲ್ಲಿದು ನನ್ನ ಹತ್ರ ಇಲ್ಲ ಸ್ವಾಮಿ. ಇದ್ದಿದ್ರೆ ನಾನ್ಯಾಕೆ ಹಿಂಗಿರ್ತಿದ್ದೆ?” ಎಂದು ನಾಲ್ಕೂ ಚಕ್ರಕ್ಕೆ ಸರಿಯಾದ ಗಾಳಿ ತುಂಬಿ ಕಳಿಸಿದರು.

ನಾನು ಇದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬಿ.ಎಸ್ಸಿ., ಬಿ.ಎಡ್. ಚಿಕ್ಕಪ್ಪ ಏಳನೆಯ ಕ್ಲಾಸಿಗೆ ನಿಂತವರು. ಆದರೆ ನಮ್ಮಿಬ್ಬರಲ್ಲಿ ಯಾರು ಯಾರಿಗೆ ಪಾಠ ಹೇಳುತ್ತಾರೆ ಎನ್ನುವುದು ಊರಿಗೇ ಗೊತ್ತು. ಒಂದು ದಿನ ನನ್ನ ಕೈಗೆ ಸೈಕಲ್ ಪಂಪು ಕೊಟ್ಟು ಜೋರಾಗಿ ಹೊಡೆ ಎಂದರು. ಇಪ್ಪತ್ತು ಸಲ ಹೊಡೆದೆ. ಪಂಪಿನ ಬುಡ ಮುಟ್ಟಿ ನೋಡು ಎಂದರು. ಮುಟ್ಟಿದೆ, ಸುಟ್ಟಿತು. ಆಮೇಲೆ ತುಂಬಿದ ಲಾರಿ ಟೈರಿನ ವಾಲ್ವನ್ನು ಒತ್ತಿ, ಬುಸ್ಸೆಂದು ಬರುವ ಗಾಳಿಗೆ ನನ್ನ ಅಂಗೈ ಹಿಡಿದರು. ತಣ್ಣಗೆ ಕೊರೆಯಿತು.

“ಒತ್ತಿದ್ರೆ ಬಿಸಿ, ಬಿಟ್ರೆ ತಣ್ಣಗೆ. ಇಷ್ಟೇ ಕಣವ್ವ ನಿನ್ನ ಭೂಮಿ ಆಕಾಶ ಎಲ್ಲಾ,” ಎಂದರು.

ಮುಂದಿನದನ್ನು ಅವರ ಮಾತಿನಲ್ಲೇ ಹೇಳಿದರೆ ನಿಮ್ಮ ಅರ್ಧ ಗಂಟೆ ಹೋಗುತ್ತದೆ, ನಾನೇ ಹೇಳುತ್ತೇನೆ. ಸಮುದ್ರದ ಮಟ್ಟದಲ್ಲಿ ಗಾಳಿಯ ಮೇಲೆ ಗಾಳಿ ಕೂತು ಒತ್ತುತ್ತಿರುತ್ತದೆ. ಆ ಗಾಳಿ ಘಾಟಿ ಹತ್ತಿ ನಮ್ಮೂರಿಗೆ ಬಂದರೆ ಒತ್ತುವವರು ಕಡಿಮೆ. ಹಾಯೆಂದು ಹಿಗ್ಗುತ್ತದೆ. ಆದರೆ ಹಿಗ್ಗಲು ಶಕ್ತಿ ಬೇಕಲ್ಲ, ತನ್ನೊಳಗಿನ ಬಿಸಿಯನ್ನೇ ಅದಕ್ಕೆ ವೆಚ್ಚ ಮಾಡುತ್ತದೆ. ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ. ನಮ್ಮೂರು ಹೆಚ್ಚುಕಡಿಮೆ ಸಾವಿರ ಮೀಟರ್ ಮೇಲಿದೆ, ಹಾಗಾಗಿ ಹತ್ತು ಡಿಗ್ರಿ. ಮಳೆಗಾಲದಲ್ಲಿ ಮೋಡ ಕಟ್ಟುವಾಗ ನೀರಿನಾವಿ ತನ್ನ ಬಿಸಿಯನ್ನು ಸ್ವಲ್ಪ ವಾಪಸು ಬಿಟ್ಟುಕೊಡುವುದರಿಂದ ಆಗ ಐದೋ ಆರೋ. ಅದೇ ಗಾಳಿಯನ್ನು ಮತ್ತೆ ಕೆಳಗಿಳಿಸಿದರೆ ಬೆಂಕಿಯಿಲ್ಲದೆ, ಬಿಸಿಲಿಲ್ಲದೆ, ಬರೀ ಒತ್ತಡಕ್ಕೇ ಮತ್ತೆ ಬೆಚ್ಚಗಾಗುತ್ತದೆ. ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ. ನನ್ನ ಪುಸ್ತಕವನ್ನೇ ಒಯ್ದು ಓದಿ, ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು.

ಅಲ್ಲಿಗೆ ಬಿಟ್ಟರೇ? ನನ್ನ ಎಂಟನೆಯ ಕ್ಲಾಸಿನ ಹುಡುಗಿಯರು ಸೈಕಲ್ ತಂದಿದ್ದಾಗ, ಅವರ ಎದುರಿಗೇ ನನ್ನನ್ನು ಕೇಳಿದರು: ಸಮುದ್ರದ ತಳದ ನೀರನ್ನು ಬಿಸಿ ತಾಗದ ಹಾಗೆ ಮೇಲಕ್ಕೆ ತಂದರೆ ಏನಾಗುತ್ತದೆ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಷ್ಟರುಗಳೆಲ್ಲ ಮಾಡುವಂತೆ ‘ನೀವೇ ಯೋಚಿಸಿ ಹೇಳಿ’ ಎಂದು ಹುಡುಗಿಯರ ಕಡೆ ತಿರುಗಿದೆ. ಕೊನೆಗೆ ಚಿಕ್ಕಪ್ಪನೇ ಹೇಳಿದರು, ಅದೂ ತಣ್ಣಗಾಗುತ್ತದಂತೆ, ಆದರೆ ಒಂದು ಕಿಲೋಮೀಟರಿಗೆ ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲಿನಷ್ಟು. ನೀರು ಗಾಳಿಯ ಹಾಗಲ್ಲ, ಎಷ್ಟು ಒತ್ತಿದರೂ ಜಗ್ಗದು, ಬಿಟ್ಟರೂ ಹಿಗ್ಗದು.

“ನಾನು ಗಾಳಿ. ನಿನ್ನ ಚಿಕ್ಕಮ್ಮ ನೀರು,” ಎಂದು ಹೇಳಿ ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿದರು. ಹುಡುಗಿಯರು ಕಿಸಕ್ಕೆಂದರು. ನನಗೆ ನಗು ಬರಲಿಲ್ಲ.

ಚಿಕ್ಕಮ್ಮನ ವಿಷಯ ಹೇಳಲೇಬೇಕು. ಹಲಗೆಯ ‘ಅಲ್ಲಿ’ ಎಂದರೆ ಚಿಕ್ಕಮ್ಮ ಇರುವಲ್ಲಿ. ಮಂಗಳೂರಿನಿಂದ ಸ್ವಲ್ಪ ಮುಂದೆ, ಸಮುದ್ರದ ಪಕ್ಕ, ಅವರ ತಂಗಿಯ ಮನೆ. ಗಂಡ ಹೆಂಡತಿ ಜಗಳವಾಡಿ ಬೇರೆಯಾಗುವುದು ಕೇಳಿದ್ದೇವೆ, ವರ್ಗವಾಗಿ ಬೇರೆಯಾಗುವುದನ್ನೂ ನೋಡಿದ್ದೇವೆ. ಹವಾಮಾನ ಬೇರೆ ಮಾಡಿದ ಜೋಡಿ ಇದೊಂದೇ ಇರಬೇಕು. ಚಿಕ್ಕಮ್ಮನಿಗೆ ಉಬ್ಬಸ. ಐದು ವರ್ಷದ ಹಿಂದೆ ಆಷಾಢದಲ್ಲಿ, ಗೋಡೆಯೆಲ್ಲ ನೀರು ಒಸರುತ್ತಿದ್ದ ಒಂದು ಬೆಳಿಗ್ಗೆ, ಉಸಿರು ಸಿಕ್ಕದೆ ತುಟಿ ನೀಲಿಯಾಗಿ, ಜೀಪಿನಲ್ಲಿ ಮಡಿಕೇರಿಗೆ ಹೊತ್ತುಕೊಂಡು ಹೋದೆವು. ಜೀವ ಉಳಿಯಿತು. ಈ ಥಂಡಿ ಇವರಿಗೆ ಆಗುವುದಿಲ್ಲ, ಕೆಳಗೆ ಬೆಚ್ಚಗಿರುವ ಕಡೆ ಇರಲಿ ಎಂದು ಡಾಕ್ಟರು ಹೇಳಿದರು.

ಚಿಕ್ಕಪ್ಪನೂ ಜೊತೆಗೆ ಹೋದರು. ಅಂಗಡಿಗೆ ಬೀಗ ಹಾಕಿ, ಇನ್ನು ಅಲ್ಲೇ ಒಂದು ಪಂಕ್ಚರ್ ಅಂಗಡಿ ಎಂದು ನಮಗೆಲ್ಲ ಹೇಳಿಯೇ ಹೋದರು. ಮಳೆ ನಿಂತು ಬಿಸಿಲು ಬಿದ್ದ ಹದಿನೈದು ದಿನಕ್ಕೆ ಮೈಯೆಲ್ಲ ಬೆವರುಸಾಲೆ, ಕುತ್ತಿಗೆಯಲ್ಲಿ ಕುರು. ಮಧ್ಯಾಹ್ನವಾದರೆ ಬಾವಿಕಟ್ಟೆಯ ಹತ್ತಿರ ಒದ್ದೆ ಟವಲ್ಲು ಹೊದ್ದು ಕೂರುವುದು. ಎರಡು ಸಲ ರಸ್ತೆಯಲ್ಲೇ ತಲೆ ತಿರುಗಿ ಬಿದ್ದರು. ಕೊನೆಗೆ ಚಿಕ್ಕಮ್ಮನೇ ಅವರನ್ನು ಬಸ್ಸು ಹತ್ತಿಸಿದರಂತೆ. “ನೀವು ಊರಿಗೆ ಹೋಗಿ. ನಿಮ್ಮನ್ನ ನೋಡ್ತಾ ನೋಡ್ತಾ ನಂಗೆ ಉಬ್ಬಸ ಜಾಸ್ತಿ ಆಗ್ತಿದೆ.”

ಹೀಗೆ ವಾಪಸು ಬಂದ ಮಾರನೆಯ ದಿನ ಅವರು ನನ್ನ ವಿಜ್ಞಾನದ ಪುಸ್ತಕ ಕೇಳಿಕೊಂಡು ಹೋದದ್ದು. ಅದರ ಮಾರನೆಯ ವಾರ ಹಲಗೆ ಬಂತು. ದಿನಾ ಸಂಜೆ ಫೋನು. ಚಿಕ್ಕಮ್ಮನಿಗೂ ಒಂದು ಥರ್ಮಾಮೀಟರು ಕೊಡಿಸಿದ್ದರು. ಇವರ ಲೆಕ್ಕಕ್ಕೂ ಅವರ ಥರ್ಮಾಮೀಟರಿಗೂ ಹೊಂದಿಕೆಯಾದರೆ ಆ ದಿನ ಚಿಕ್ಕಪ್ಪನ ಮುಖ ನೋಡಬೇಕು! ಹೊಂದದಿದ್ದರೆ ತಪ್ಪು ಚಿಕ್ಕಮ್ಮನದೇ: ಒಲೆಯ ಹತ್ತಿರ ಇಟ್ಟಿದ್ದೀಯ, ಬಿಸಿಲಿಗೆ ನೇತುಹಾಕಿದ್ದೀಯ, ಕನ್ನಡಕ ಹಾಕಿ ನೋಡು. ಸಮುದ್ರದ ಗಾಳಿಗೆ ಇನ್ನೂ ಬೇರೆ ಲೆಕ್ಕಗಳಿವೆ, ಪಾಪ ಚಿಕ್ಕಮ್ಮನನ್ನು ಯಾಕೆ ಬೈಯುತ್ತೀರಿ ಎಂದರೆ ನನ್ನ ಡಿಗ್ರಿಯ ಮೇಲೆ ಬರುತ್ತಿದ್ದರು.

ಪಡುವಣ ಗಾಳಿ ಬೀಸುವ ತಿಂಗಳುಗಳಲ್ಲಿ ಅವರು ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದರು. ಗಿರಾಕಿ ಹಾರನ್ ಹೊಡೆದರೂ ತಿರುಗುತ್ತಿರಲಿಲ್ಲ. ಏನು ಚಿಕ್ಕಪ್ಪ ಎಂದು ಕೇಳಿದ್ದಕ್ಕೆ ಹೇಳಿದರು: “ಅವಳ ಮನೆ ಕಡೆ ಗಾಳಿನೇ ಕಣವ್ವ ಇದು. ಘಾಟಿ ಹತ್ತೋವಾಗ ತಣ್ಣಗಾಗ್ಯದೆ, ಅಷ್ಟೇಯ. ಬಿಸಿ ಎಲ್ಲೂ ಹೋಗಿಲ್ಲ. ಕೆಳಗಿಳಿಸಿದ್ರೆ ಹಂಗೇ ವಾಪಸ್ ಬತ್ತದೆ.”



ಇನ್ನೊಂದು ಸಂಗತಿ ಕೇಳಿ. ಚಳಿಯಿಂದ ಓಡಿಹೋದ ಚಿಕ್ಕಮ್ಮ ಅಲ್ಲಿ ಹಂಬಲಿಸುತ್ತಿದ್ದದ್ದು ಚಳಿಗೇ! ನಮ್ಮೂರಿನ ಬೆಳಗಿನ ಥಂಡಿ ಒಂದು ಸಲ ಕೆನ್ನೆಗೆ ತಾಗಿದರೆ ಸಾಕಿತ್ತು ಎಂದು ಫೋನಿನಲ್ಲಿ ಅಂದುಬಿಟ್ಟರಂತೆ. ಅಷ್ಟು ಸಾಕಾಯಿತು ಚಿಕ್ಕಪ್ಪನಿಗೆ. ಸಂತೆಯ ದಿನ ನಮ್ಮೂರಿನ ಹಸಿಮೆಣಸಿನಕಾಯಿ ತುಂಬಿಕೊಂಡು ಮಂಗಳೂರಿಗೆ ಹೋಗುವ ಲಾರಿ ಒಂದಿದೆ. ಅದರ ಡ್ರೈವರು ಆ ಕಡೆಯವನೇ. ಚಿಕ್ಕಪ್ಪ ಸಂತೆಯ ಮಾರನೆಯ ಬೆಳಿಗ್ಗೆ ಆರು ಗಂಟೆಗೆ, ಮಂಜು ಇನ್ನೂ ನೆಲದ ಮೇಲಿರುವಾಗ, ಆ ಲಾರಿಯ ಸ್ಟೆಪ್ನಿಯ ಗಾಳಿ ಪೂರ್ತಿ ಬಿಟ್ಟು ಹೊಸದಾಗಿ ತುಂಬಿದರು. ‘ಅಲ್ಲಿ ನಮ್ಮಾಕೆ ಇರುವ ಮನೆಯ ಹತ್ತಿರ ಲಾರಿ ನಿಲ್ಲಿಸಿ, ಅವಳನ್ನು ಕರೆದು, ಕೆನ್ನೆಯ ಹತ್ತಿರ ಈ ವಾಲ್ವನ್ನು ಒಂದು ನಿಮಿಷ ಬಿಡು’ ಎಂದು ಡ್ರೈವರಿಗೆ ತಾಕೀತು ಮಾಡಿದರು. ಡ್ರೈವರು ನನ್ನ ಕಡೆ ನೋಡಿದ. ನಾನು ಟೈರಿನ ಕಡೆ ನೋಡಿದೆ.

ಅವನು ಮಾಡಿದ, ಪುಣ್ಯಾತ್ಮ. ಅವತ್ತು ಸಂಜೆ ಚಿಕ್ಕಮ್ಮ ತಾವೇ ಮೊದಲು ಫೋನು ಮಾಡಿದರಂತೆ. “ತಣ್ಣಗಿತ್ತು ರೀ. ರಬ್ಬರ್ ವಾಸನೆ. ನೀವೇ ಬಂದಂಗಾಯ್ತು,” ಎಂದರಂತೆ. ಮಂಗಳೂರಿನಲ್ಲೇ ತುಂಬಿದ ಟೈರಿನ ಗಾಳಿ ಬಿಟ್ಟಿದ್ದರೂ ಅಷ್ಟೇ ತಣ್ಣಗಿರುತ್ತಿತ್ತು ಎನ್ನುವುದು ನನಗೆ ಗೊತ್ತು. ಚಿಕ್ಕಪ್ಪನಿಗೂ ಗೊತ್ತು, ಅದನ್ನು ನನಗೆ ಕಲಿಸಿದವರೇ ಅವರು. ಚಿಕ್ಕಮ್ಮನಿಗೂ ಗೊತ್ತಿದ್ದಿರಬಹುದು. ನಾವು ಮೂವರೂ ಇದುವರೆಗೆ ಬಾಯಿ ಬಿಟ್ಟಿಲ್ಲ.

ಅಲ್ಲಿಯ ಡಾಕ್ಟರು ಒಂದು ದಾರಿ ತೋರಿಸಿದ್ದರು. ಔಷಧಿಯ ಜೊತೆಗೆ ದಿನಾ ಬಲೂನು ಊದುವುದು. ಒಂದು ಬಲೂನನ್ನು ಪೂರ್ತಿ ಊದುವಷ್ಟು ಉಸಿರು ಬಂದರೆ, ಮಳೆಯಿಲ್ಲದ ತಿಂಗಳುಗಳಲ್ಲಿ ಊರಿಗೆ ಹೋಗಿ ಇರಬಹುದು. ಚಿಕ್ಕಪ್ಪ ಸಂತೆಯಲ್ಲಿ ಬಲೂನಿನ ದೊಡ್ಡ ಪೊಟ್ಟಣ ಕೊಂಡು, ಅರ್ಧ ಅಲ್ಲಿಗೆ ಕಳಿಸಿ, ಅರ್ಧ ತಾವಿಟ್ಟುಕೊಂಡರು. ಅಂದಿನಿಂದ ಸಂಜೆಯ ಫೋನಿನಲ್ಲಿ ಎರಡು ಪ್ರಶ್ನೆ. ಒಂದು, ಎಷ್ಟು ಡಿಗ್ರಿ? ಇನ್ನೊಂದು, ಯಾವ ಹಣ್ಣು? ಅಂದರೆ ಬಲೂನು ಯಾವ ಹಣ್ಣಿನ ಗಾತ್ರಕ್ಕೆ ಬಂತು ಎಂದು. ಮೊದಲ ವರ್ಷ ನೆಲ್ಲಿಕಾಯಿ. ಎರಡನೆಯ ವರ್ಷ ನಿಂಬೆ. ಆಮೇಲೆ ಕಿತ್ತಳೆ. ಅಂಗಡಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡ ವ್ಯಾಪಾರಿಯೊಬ್ಬ, ಮಂಗಳೂರಿನಲ್ಲಿ ಹಣ್ಣಿನ ಮಂಡಿ ಇಟ್ಟಿದ್ದೀರಂತೆ, ನಮ್ಮ ಬಾಳೆಗೊನೆಯನ್ನೂ ನೋಡಿ ಎಂದು ಗೊನೆಯ ಸಮೇತ ಬಂದಿದ್ದ!

ಕಿತ್ತಳೆಯಲ್ಲೇ ಒಂದು ವರ್ಷ ನಿಂತಿತು. ಚಿಕ್ಕಮ್ಮನಿಗೆ ತಡೆಯದಾಯಿತು. ಎರಡು ವರ್ಷದ ಹಿಂದೆ ಒಂದು ಸಂಜೆ ‘ತೆಂಗಿನಕಾಯಿ’ ಎಂದು ಸುಳ್ಳು ಹೇಳಿ ಊರಿಗೆ ಬಂದೇಬಿಟ್ಟರು. ಮೂರು ದಿನ ಇಬ್ಬರ ಮುಖದಲ್ಲೂ ಹಬ್ಬ. ನಾಲ್ಕನೆಯ ದಿನ ಮತ್ತೆ ಜೀಪು, ಮತ್ತೆ ಮಡಿಕೇರಿ, ಅಲ್ಲಿಂದ ಹಾಗೇ ಕೆಳಕ್ಕೆ. ಆ ವಾರ ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ಸಂಜೆಯ ಫೋನಿನಲ್ಲಿ ಮತ್ತೆ ನಿಂಬೆಹಣ್ಣು. ಅಂಗಡಿಯ ಬಾಗಿಲಲ್ಲಿ ಕೂತು ಚಿಕ್ಕಪ್ಪ ನನಗೆ ಹೇಳಿದರು, “ನಂಗೆ ಅವಳು ಬೇಕು ಕಣವ್ವ. ಆದ್ರೆ ಜೀವ ಇರಾ ಅವಳು ಬೇಕು.”

ಹೀಗಾಗಿ ಈ ವರ್ಷ ಮಾಘ ಮಾಸದಲ್ಲಿ ಚಿಕ್ಕಮ್ಮ ಫೋನಿನಲ್ಲಿ ‘ಕುಂಬಳಕಾಯಿ’ ಎಂದಾಗ ಚಿಕ್ಕಪ್ಪ ನಂಬಲಿಲ್ಲ. ನೆಲ್ಲಿಕಾಯಿಯಿಂದ ಕುಂಬಳಕಾಯಿಯವರೆಗೆ ಬಂದಿದ್ದೇನೆ, ಇನ್ನೇನು ಬೇಕು ಎಂದು ಆ ಕಡೆಯಿಂದ ಜಗಳ. ಫೋಟೋ ಕಳಿಸಿದರು. ಫೋಟೋದಲ್ಲಿ ನೆಲ್ಲಿಕಾಯಿಯನ್ನೂ ಕುಂಬಳ ಮಾಡಬಹುದು ಎಂದರು ಇವರು. ಊದಿದ್ದನ್ನು ಡ್ರೈವರು ಕಣ್ಣಾರೆ ನೋಡಲಿ ಎಂದರೆ, ಅವನು ಅರ್ಧ ಲೋಡನ್ನು ಫುಲ್ ಲೋಡ್ ಅನ್ನುವವನು, ಅವನ ಸಾಕ್ಷಿ ಬೇಡ ಎಂದರು. ಕೊನೆಗೆ ಆದ ತೀರ್ಮಾನ: ಡ್ರೈವರಿನ ಎದುರಿಗೇ ಊದಬೇಕು, ಬಾಯಿ ಗಟ್ಟಿಯಾಗಿ ಕಟ್ಟಬೇಕು, ಆ ಬಲೂನು ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಶನಿವಾರಸಂತೆಗೆ ಬರಬೇಕು. ಇವರು ನೂಲು ಸುತ್ತಿ ಅಳೆಯುತ್ತಾರೆ.

“ಉಸಿರನ್ನ ಯಾರಾದ್ರೂ ಪಾರ್ಸಲ್ ಮಾಡ್ತಾರೇನ್ರೀ?” ಎಂದರು ಚಿಕ್ಕಮ್ಮ.

“ನಾನು ಸ್ಟೆಪ್ನಿಲಿ ಕಳಿಸ್ಲಿಲ್ವಾ?” ಎಂದರು ಚಿಕ್ಕಪ್ಪ.

ಸಂತೆಯ ದಿನ ಮಧ್ಯಾಹ್ನ. ನಾನು ತರಕಾರಿಯ ಚೀಲ ಹಿಡಿದು ಅಂಗಡಿಗೆ ಹೋದಾಗ ಚಿಕ್ಕಪ್ಪ ತಲೆ ಬಾಚಿಕೊಂಡಿದ್ದರು. ಅಂಗಿಯನ್ನೂ ಹಾಕಿದ್ದರು! ಬಲೂನನ್ನು ಇಡಲು ಹೊಸ ಟ್ಯೂಬೊಂದನ್ನು ಸಿಂಬಿಯ ಹಾಗೆ ಮೇಜಿನ ಮೇಲೆ ಸಿದ್ಧ ಮಾಡಿ, ಪಕ್ಕದಲ್ಲಿ ನೂಲು ಇಟ್ಟಿದ್ದರು. ಲಾರಿ ಬಂತು. ಡ್ರೈವರು ಇಳಿದ. ಕೈ ಖಾಲಿ. ಅಂಗಿಯ ಜೇಬಿನಿಂದ ಗುಲಾಬಿ ಬಣ್ಣದ ಎರಡು ಚೂರು ರಬ್ಬರು ತೆಗೆದು ಮೇಜಿನ ಮೇಲಿಟ್ಟ.

“ಎಂತ ಮಾಡುದು ಮಾರಾಯ್ರೆ. ನಾನು ಮುಟ್ಟಲೇ ಇಲ್ಲ. ತನ್ನಷ್ಟಕ್ಕೇ ಒಡೆದು ಹೋಯ್ತು.”

ಚಿಕ್ಕಪ್ಪ ಆ ಚೂರುಗಳನ್ನೇ ನೋಡುತ್ತ ನಿಂತರು. ಎಲ್ಲಿ ಒಡೆಯಿತು ಎಂದು ಕೇಳಿದರು. ಘಾಟಿಯ ಬುಡದ ಸಂಪಾಜೆಯಲ್ಲಿ ಸರಿಯಿತ್ತಂತೆ, ಘಾಟಿ ಹತ್ತಿದಂತೆ ಬಿಗಿಯಾಗುತ್ತ ಬಂದು, ಮಡಿಕೇರಿ ಕಾಣುವ ಹೊತ್ತಿಗೆ ಢಬ್ಬೆಂದಿತಂತೆ. ಆಗ ನನಗೆ ಹೊಳೆಯಿತು. ಮೇಲೆ ಬಂದರೆ ಗಾಳಿ ಹಿಗ್ಗುತ್ತದೆ ಎಂದು ಊರಿಗೆಲ್ಲ ಐದು ವರ್ಷ ಅರ್ಧರ್ಧ ಗಂಟೆ ಪಾಠ ಹೇಳಿದ ಮನುಷ್ಯ, ತನ್ನ ಹೆಂಡತಿಯ ಉಸಿರಿಗೂ ಅದೇ ನಿಯಮ ಎನ್ನುವುದನ್ನು ಮರೆತಿದ್ದರು! ಹೇಳಿದೆ. ವಿಜ್ಞಾನದಲ್ಲಿ ನಾನು ಅವರನ್ನು ಸೋಲಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಹಣೆ ಚಚ್ಚಿಕೊಳ್ಳುತ್ತಾರೆ ಎಂದುಕೊಂಡೆ.

ಅವರು ನೇರವಾಗಿ ಒಳಗೆ ಹೋಗಿ, ತಮ್ಮಲ್ಲಿ ಉಳಿದಿದ್ದ ಬಲೂನಿನ ಪೊಟ್ಟಣ ತಂದರು. ಅದೇ ಜಾತಿ, ಅದೇ ಅಳತೆ. ಒಂದನ್ನು ಪಂಪಿಗೆ ಸಿಕ್ಕಿಸಿ ಒಡೆಯುವವರೆಗೂ ತುಂಬಿದರು. ಢಬ್! ಸಂತೆಗೆ ಬಂದಿದ್ದ ಅಜ್ಜಿಯೊಬ್ಬರು ಶಿವಶಿವಾ ಎಂದರು. ಇನ್ನೊಂದನ್ನು ನಿಧಾನಕ್ಕೆ ತುಂಬಿ ನೂಲಿನಲ್ಲಿ ಅಳೆದರು. ಢಬ್! ಮತ್ತೊಂದು. ಜನ ಸೇರಿದರು. ಎಂಟೋ ಒಂಬತ್ತೋ ಬಲೂನು ಒಡೆದ ಮೇಲೆ, ಒಡೆಯುವುದಕ್ಕೆ ಸ್ವಲ್ಪವೇ ಮೊದಲು ನಿಲ್ಲಿಸಿ ಒಂದನ್ನು ಬಾಯಿ ಕಟ್ಟಿ, ಟ್ಯೂಬಿನ ಸಿಂಬಿಯ ಮೇಲೆ ಇಟ್ಟರು. ಕುಂಬಳಕಾಯಿಯಷ್ಟೇ ಇತ್ತು.

“ಅರ್ಧಂಬರ್ಧ ತುಂಬಿದ್ದು ಘಾಟಿ ಹತ್ತಿದ್ರೂ ಒಡೆಯಾಕಿಲ್ಲ ಕಣವ್ವ,” ಎಂದರು ಮೆಲ್ಲಗೆ. “ಇಷ್ಟು ಊದಿದ್ರೇನೇ ಒಡೆಯಾದು.”

ಆಮೇಲೆ ಗ್ರೀಸಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಮುಖವೆಲ್ಲ ಕಪ್ಪಾಯಿತು. ಯಾರೂ ನಗಲಿಲ್ಲ.

ತಿಂಗಳ ಕೊನೆಗೆ ಚಿಕ್ಕಮ್ಮ ಬಂದರು, ಮೆಣಸಿನಕಾಯಿ ಲಾರಿಯ ಕ್ಯಾಬಿನ್ನಿನಲ್ಲೇ, ಬಲೂನು ಕೂತಿದ್ದ ಜಾಗದಲ್ಲಿ. ಡಾಕ್ಟರು ಒಪ್ಪಿದ್ದಾರೆ, ಆದರೆ ಮಳೆ ಹಿಡಿಯುವವರೆಗೆ ಮಾತ್ರ. ಮೃಗಶಿರೆಗೆ ಮೊದಲು ಮತ್ತೆ ಕೆಳಗಿಳಿಯಬೇಕು. ಮೂರೂವರೆ ತಿಂಗಳು. ಆ ಲೆಕ್ಕವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೋಗುವಾಗ ಅಂಗಡಿಯ ಮುಂದೆ ನಿಂತೆ. ಹಲಗೆಯ ಎಡಕ್ಕೆ ಎಂದಿನಂತೆ ‘ಇಲ್ಲಿ ಹದಿನೆಂಟು’. ಬಲಗಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರು, ಇನ್ನೂ ಆರಿರಲಿಲ್ಲ. ‘ಅಲ್ಲಿ’ ಎಷ್ಟು ಚಿಕ್ಕಪ್ಪ ಎಂದು ಅಭ್ಯಾಸಬಲದಿಂದ ಕೇಳಿದೆ.

“ಅಲ್ಲಿ ಯಾರವ್ರೆ ಈಗ?” ಎಂದರು.

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮ ಕೆಮ್ಮಿದ್ದು ಕೇಳಿಸಿತು. ಚಿಕ್ಕಪ್ಪನ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಇನ್ನೊಂದು ಸಲ ಕೆಮ್ಮಿದರು. ಚಿಕ್ಕಪ್ಪ ಒಳಗೆ ಓಡಲು ಒಂದು ಹೆಜ್ಜೆ ಇಟ್ಟಿದ್ದರು, ಆಗ ಒಣಮೆಣಸಿನ ಒಗ್ಗರಣೆಯ ಘಾಟು ಹೊರಗೆ ಬಂದು ನಮ್ಮಿಬ್ಬರ ಮೂಗಿಗೂ ಅಡರಿತು. ಎರಡು ವರ್ಷದ ಮೇಲೆ ಆ ಮನೆಯಲ್ಲಿ ಚಿಕ್ಕಮ್ಮನ ಒಗ್ಗರಣೆ ಬಿದ್ದಿತ್ತು. ನಾವಿಬ್ಬರೂ ಅಲ್ಲೇ ನಿಂತು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆವು.